ಮಸಿ ಹಿಡಿಯದ ಸಾಲು

ಆಂಡರ್ಸನ್‌ಪೇಟೆ
14-11-1961

ತಂಗಿ ಅಶ್ವತ್ಥಮ್ಮನಿಗೆ ನಿನ್ನ ಅಣ್ಣ ಮುನಿಸ್ವಾಮಪ್ಪನ ಆಶೀರ್ವಾದ.

ನಿನ್ನ ಹೆಸರಿನ ಹಿಂದೆ ಪ್ರತಿ ಸಲವೂ ಬರೆಯುತ್ತಿದ್ದ ‘ಸೌಭಾಗ್ಯವತಿ’ ಈ ಸಲ ಇಲ್ಲ. ಮರೆತು ಬಿಟ್ಟದ್ದಲ್ಲಮ್ಮ. ಎಂಟು ತಿಂಗಳಿಂದ ಸುಳ್ಳು ಬರೆದು ಬರೆದು ಕೈ ಸೋತಿದೆ. ಈ ಕಾಗದವನ್ನು ನಿನ್ನ ಅತ್ತೆಯ ಮುಂದೆ ಬಿಚ್ಚಬೇಡ, ಒಬ್ಬಳೇ ಕೂತು ಓದು.

ಕೋದಂಡಪ್ಪ ಎಲ್ಲಿಗೂ ಓಡಿಹೋಗಿಲ್ಲ. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಅವನು ಮದ್ರಾಸು ರೈಲು ಹತ್ತಿದ್ದನ್ನು ಕಂಡವರಿದ್ದಾರೆ ಎಂದು ಬರೆದಿದ್ದೆನಲ್ಲ, ಅಂಥವರು ಯಾರೂ ಇಲ್ಲ. ನಿನ್ನ ಗಂಡ ಗಣಿಯೊಳಗೇ ಇದ್ದಾನೆ. ಯುಗಾದಿ ಕಳೆದ ವಾರ ಬಂಡೆ ಸಿಡಿಯಿತಲ್ಲ, ಆ ದಿನ ಅವನೂ ಕೆಳಗಿಳಿದಿದ್ದ.

ಅಂದು ಅವನ ಸರದಿಯಲ್ಲ. ಒಬ್ಬ ಆಳು ಬಂದಿರಲಿಲ್ಲ. ಮೇಲಿನವರನ್ನು ಕೇಳದೆ ಕೋದಂಡಪ್ಪನನ್ನು ಬದಲಿಗೆ ಕಳಿಸಿದ್ದು ನಾನೇ. ಬದಲಿ ಆಳಿಗೆ ನಂಬರಿನ ಬಿಲ್ಲೆ ಇಲ್ಲ, ಕೆಳಗಿಳಿಯುವವರ ಲೆಕ್ಕವಿಡುವ ನನ್ನ ಪುಸ್ತಕದಲ್ಲಿ ಬರೆದ ಹೆಸರೇ ಗುರುತು. ನನ್ನ ಪೆನ್ನು ನಿನಗೆ ಗೊತ್ತು. ಸೂಜಿಯಂಥ ನಿಬ್ಬು, ಒಂದು ಗೆರೆಯೊಳಗೆ ಎರಡು ಸಾಲು ಕೂರಿಸುತ್ತೇನೆಂದು ನನಗೆ ಜಂಭ. ಇರುವೆ ಸಾಲು ಎಂದು ನೀನು ಆಡಿಕೊಳ್ಳುತ್ತಿದ್ದೆ. ಹಿಂದಿನ ದಿನವಷ್ಟೇ ಇಂಕಿನ ಮಾತ್ರೆ ತಂದಿದ್ದೆ. ಸೀಸೆಗೆ ಒಂದು ಸಾಕಿತ್ತು, ಕಪ್ಪಗೆ ಬರಲೆಂದು ಮೂರು ಕರಗಿಸಿದೆ. ಆ ಸಣ್ಣ ನಿಬ್ಬಿನಲ್ಲಿ ಹರಿಯುತ್ತದೋ ಇಲ್ಲವೋ ಮನೆಯಲ್ಲೇ ಬರೆದು ನೋಡಬೇಕಿತ್ತು. ಪುಸ್ತಕದಲ್ಲೇ ನೋಡಿದೆ. ಮೊದಲ ಎರಡು ಹೆಸರು ಮುದ್ದಾಗಿ ಬಿದ್ದವು. ಮೂರನೆಯದಕ್ಕೆ ನಿಬ್ಬು ಕಟ್ಟಿಕೊಂಡಿತು. ಒತ್ತಿದೆ, ಕೊಡವಿದೆ, ಮಸಿ ಬರಲಿಲ್ಲ. ಕೋದಂಡಪ್ಪ ನಕ್ಕ. “ಏನ್ ಬಾವಾ, ನಿಮ್ ಪೆನ್ನಿಗೂ ನನ್ ಕಂಡ್ರೆ ಆಗಾಕಿಲ್ವಾ? ಬಿಡಿ, ಮ್ಯಾಲಕ್ ಬಂದ್ಮೇಲೆ ಬರ್ಕಳೀರಂತೆ” ಅಂದ. ಆಳುಗಳನ್ನು ಕೆಳಗಿಳಿಸುವ ಕೇಜಿನ ಗಂಟೆ ಹೊಡೆಯಿತು, ಹೋದ. ನಾನು ನಿಬ್ಬು ತೊಳೆಯಲು ನಲ್ಲಿಯ ಕಡೆ ಹೋದೆ.

ಮಧ್ಯಾಹ್ನ ನೆಲ ನಡುಗಿತು. ಅವನ ಜೊತೆ ಇಳಿದಿದ್ದ ಇಬ್ಬರ ಹೆಣ ಸಿಕ್ಕಿತು. ಪುಸ್ತಕದಲ್ಲಿದ್ದದ್ದೂ ಎರಡೇ ಹೆಸರು. ಕೋದಂಡಪ್ಪ ಮೊದಲೇ ಮೇಲೆ ಬಂದು ಎಲ್ಲೋ ಹೋಗಿರಬೇಕು ಎಂದುಕೊಂಡೆ. ಬಂದಿಲ್ಲವೆಂದು ಖಾತ್ರಿಯಾಗುವ ಹೊತ್ತಿಗೆ ಆ ದಾರಿಯನ್ನೇ ಮುಚ್ಚಿಬಿಟ್ಟಿದ್ದರು.

ನಿಮ್ಮ ಪಕ್ಕದ ಮನೆಯ ಪಾಪಕ್ಕ ಮೊನ್ನೆ ಸಂತೆಯಲ್ಲಿ ಸಿಕ್ಕಿದ್ದಳು. “ಬಂಗಾರಪ್ಯಾಟೆ ಬಸ್ಸು ಬಂದಾಗೆಲ್ಲ ಅಶ್ವತ್ಥಮ್ಮ ಬಾಗ್ಲಾಗ್ ಬಂದ್ ನಿಂತ್ಕಂತಾಳೆ ಕಣಣ್ಣಾ, ನೋಡಾಕಾಗಲ್ಲ” ಅಂದಳು. ಇನ್ನು ಬಾಗಿಲಿಗೆ ಹೋಗಬೇಡ ತಾಯಿ. ಆ ಬಸ್ಸಿನಲ್ಲಿ ಅವನು ಬರುವುದಿಲ್ಲ.

ನಾಳೆ ಆಫೀಸಿಗೆ ಹೋಗಿ ಎಲ್ಲವನ್ನೂ ಹೇಳುತ್ತೇನೆ. ಕ್ಷಮಿಸು ಎನ್ನಲು ನನಗೆ ಮುಖವಿಲ್ಲ.

ಇಂತಿ,
ನಿನ್ನ ಅಣ್ಣ ಅನ್ನಿಸಿಕೊಂಡಿದ್ದ
ಮುನಿಸ್ವಾಮಪ್ಪ

ವಿ.ಸೂ.: ಪುಸ್ತಕದ ಆ ಹಾಳೆಯನ್ನು ಕಿತ್ತು ಇದರೊಳಗೆ ಇಟ್ಟಿದ್ದೇನೆ. ನಾಳೆ ನಾನು ಹೆದರಿ ಹಿಂದೆ ಸರಿದರೆ ನೀನೇ ತೆಗೆದುಕೊಂಡು ಹೋಗು. ಬಿಸಿಲಿಗೆ ಓರೆಯಾಗಿ ಹಿಡಿ. ಮೂರನೆಯ ಸಾಲಿನಲ್ಲಿ ಮಸಿಯಿಲ್ಲ, ನಿಬ್ಬು ಕೊರೆದ ಗುರುತು ಮಾತ್ರ ಇದೆ: ಕೋದಂಡಪ್ಪ, ಬೂದಿಕೋಟೆ. ಮೇಲೆ ಬರೆದದ್ದರಲ್ಲೂ ಒಂದು ಸುಳ್ಳು ಉಳಿದಿದೆ ಅಶ್ವತ್ಥ. ಎರಡನೆಯ ದಿನ ಬೆಳಿಗ್ಗೆ, ಕೆಳಗೆ ಯಾರೋ ಬಂಡೆ ಬಡಿಯುವ ಸದ್ದು ಕೇಳುತ್ತಿದೆ ಎಂದು ಹುಡುಕುವವರು ಬಂದು ಹೇಳಿದರು. ಸಾಹೇಬರು ಪುಸ್ತಕ ತರಿಸಿ ಈ ಗೀರು ಏನೆಂದು ಕೇಳಿದರು. ಕೇಳದೆ ಆಳು ಕಳಿಸಿದ್ದು ಗೊತ್ತಾದರೆ ಕೆಲಸ ಹೋಗುತ್ತದೆಂದು ಹೆದರಿದೆ. “ಹೊಸಾ ಇಂಕು ಬರ್ದ್ ನೋಡ್ತಿದ್ದೆ ಸಾರ್, ಇಳ್ದೋರು ಇಬ್ರೇ” ಅಂದೆ. ಇಬ್ಬರ ಹೆಣವೂ ಆಗಲೇ ಸಿಕ್ಕಿತ್ತಲ್ಲ, ಹುಡುಕುವುದನ್ನು ನಿಲ್ಲಿಸಿಬಿಟ್ಟರು. ಸದ್ದು ಸಂಜೆಯವರೆಗೂ ಇತ್ತಂತೆ.