ಕಡತಕ್ಕೆ ಹೋಗದ ಹೆಸರು

ಸೋಮವಾರ, ಸಂಜೆ

ಮತ್ತೆ ಅದೇ. ಸಭಾಧ್ಯಕ್ಷರ ಪೀಠದ ಕೆಳಗೆ ನಮ್ಮ ಶೀಘ್ರಲಿಪಿ ವರದಿಗಾರರ ಮೇಜು. ಐದೈದು ನಿಮಿಷದ ಪಾಳಿ. ಒಬ್ಬ ಏಳಬೇಕು, ಇನ್ನೊಬ್ಬ ಕೂರಬೇಕು, ಯಾರೇನೇ ಅಂದರೂ ಬರೆದುಕೊಳ್ಳಬೇಕು. ಕಿವಿ ಬೇಕು, ಬಾಯಿ ಬೇಡ.

ಸದನ ಸೇರಿತು, ದನಿ ಏರಿತು, ಊಟಕ್ಕೆ ಜಾರಿತು.

ತಮ್ಮನ ಹೆಂಡತಿಯ ಫೋನ್. ಹಡಗಿನಲ್ಲಿ ಕುಡಿಯುವ ನೀರು ಮುಗಿಯುತ್ತ ಬಂದಿದೆಯಂತೆ. ತಮ್ಮ ಅಲ್ಲಿ ಅಡುಗೆಯವನು. ಪರದೇಶದ ಬಂದರಿನಲ್ಲಿ ಹಡಗು ಹಿಡಿದಿಟ್ಟಿದ್ದಾರೆ, ಇಳಿಯಲು ಬಿಡುತ್ತಿಲ್ಲ. ಕಂಪನಿ ಕೈತೊಳೆದುಕೊಂಡಿದೆ.

“ಭಾವ, ದಿನಾ ಮಂತ್ರಿಗಳ ಮುಂದೇನೇ ಕೂತಿರ್ತೀರಲ್ಲ. ಒಂದು ಮಾತು ಹೇಳಕ್ಕಾಗಲ್ವಾ?”

ಮಂತ್ರಿ ಇಷ್ಟು ವರ್ಷದಲ್ಲಿ ನೋಡಿರುವುದು ನನ್ನ ಬೋಳುತಲೆಯನ್ನು ಮಾತ್ರ.

ಮಂಗಳವಾರ

ಬಂದರು ಕ್ಷೇತ್ರದ ಸದಸ್ಯೆ ಹಡಗಿನ ಪ್ರಶ್ನೆ ಹಾಕಿದ್ದಾರೆ! ಗುರುವಾರದ ಪಟ್ಟಿಯಲ್ಲಿ ಮೂರನೆಯ ಪ್ರಶ್ನೆ. ಅಧಿವೇಶನದ ಕೊನೆಯ ದಿನ. ಸದನದಲ್ಲಿ ಎದ್ದುನಿಂತು ಮಂತ್ರಿ “ಕರೆತರುತ್ತೇವೆ” ಅಂದರೆ ಅದು ಕಡತಕ್ಕೆ ಹೋದ ಭರವಸೆ. ಇಲಾಖೆ ಕುಂಟುತ್ತಲಾದರೂ ಓಡಲೇಬೇಕು. ಮನೆಗೆ ಹೇಳಿದೆ. ಹೇಳಬಾರದಿತ್ತೇನೋ. ಎಷ್ಟೋ ದಿನಕ್ಕೆ ಅಮ್ಮ ಸರಿಯಾಗಿ ಊಟ ಮಾಡಿದಳು.

ಗುರುವಾರ, ಮಧ್ಯಾಹ್ನ

ಮೊದಲ ಪ್ರಶ್ನೆ ಸೇತುವೆಯದು. ಎಳೆದರು, ಎಳೆದರು... ಸೇತುವೆಗಿಂತ ಉತ್ತರವೇ ಉದ್ದ. ಎರಡನೆಯದಕ್ಕೆ ಯಾರೋ ಯಾರನ್ನೋ “ಕುರ್ಚಿಗೆ ಅಂಟಿದ ಗೋಂದು” ಅಂದರು. ಮುಗಿಯಿತು. ಎಲ್ಲರೂ ಪೀಠದ ಮುಂದೆ. ಒಬ್ಬರ ಮೊಣಕೈ ನನ್ನ ಪುಸ್ತಕದ ಮೇಲೆ. ನನ್ನದೇ ಪಾಳಿ.

“ಕೂತ್ಕೊಳ್ಳಿ... ಕೂತ್ಕೊಳ್ಳಿ ಅಂದೆ!” — ಸಭಾಧ್ಯಕ್ಷರು.

ಬಂದರಿನ ಸದಸ್ಯೆ ಎದ್ದರು. ಮೈಕ್ ಇಲ್ಲ. ಹಡಗಿನಲ್ಲಿರುವವರ ಹೆಸರುಗಳನ್ನು ಒಂದೊಂದಾಗಿ ಕೂಗತೊಡಗಿದರು. ಇಬ್ಬರ ಹೆಸರು ಬರೆದುಕೊಂಡಿದ್ದೆ.

“ಇನ್ನು ಯಾವುದೂ ಕಡತಕ್ಕೆ ಹೋಗಲ್ಲ!” — ಮತ್ತೆ ಸಭಾಧ್ಯಕ್ಷರು.

ಆ ಮಾತು ಬಿದ್ದರೆ ಪೆನ್ಸಿಲ್ ಎತ್ತಬೇಕು. ಎತ್ತಿದೆ. ಕೈ ತಾನಾಗಿಯೇ ಎದ್ದಿತು, ಅದೇ ಬೇಜಾರು.

ಮೂರನೆಯದು ತಮ್ಮನ ಹೆಸರು. ಪೂರ್ತಿ ಹೆಸರು, ಮನೆಯಲ್ಲಿ ಯಾರೂ ಕರೆಯದ್ದು. ಕೇಳಿದೆ. (ಗದ್ದಲ) ಅಂತ ಬರೆದೆ.

ಸದನ ಅನಿರ್ದಿಷ್ಟ ಕಾಲ ಮುಂದಕ್ಕೆ.

ಪಕ್ಕದ ಪಾಳಿಯ ‘ಅಲ್ಪವಿರಾಮ’ (ನಾವಿಟ್ಟ ಹೆಸರು, ಯಾವ ಮಾತನ್ನೂ ಮುಗಿಸದವನು) ಕ್ಯಾಂಟೀನಿನಲ್ಲಿ ಹೆಗಲು ಮುಟ್ಟಿದ. “ಬರೆದಿದ್ರೂ ಹೊಡೆದುಹಾಕ್ತಿದ್ರು ಮಾರಾಯಾ. ಜೊತೆಗೆ ನಿನ್ನ ಕೆಲಸಾನೂ...”

ಶುಕ್ರವಾರ

ಸದನದಲ್ಲಿ ಕೇಳಲಾಗದೆ ಉಳಿದ ಪ್ರಶ್ನೆಗಳ ಉತ್ತರ ಅಚ್ಚಾಗಿ ಬಂತು. ಮೂರನೆಯದಕ್ಕೆ: “ಮಾಹಿತಿ ಸಂಗ್ರಹಿಸಲಾಗುತ್ತಿದೆ.”

ಸಂಗ್ರಹ, ಅನುಗ್ರಹ, ಉಪಗ್ರಹ... ಪ್ರಾಸ ಕೂಡುತ್ತಿದೆ, ಹಡಗು ಕದಲುತ್ತಿಲ್ಲ. ಮುಂದಿನ ಅಧಿವೇಶನ ಚಳಿಗಾಲಕ್ಕೆ.

ಬುಧವಾರ, ಬೆಳಿಗ್ಗೆ

ತಮ್ಮನ ಫೋನ್ ಭಾನುವಾರದಿಂದ ಹತ್ತುತ್ತಿಲ್ಲ. ಅವನ ಹೆಂಡತಿ ಇಲ್ಲಿಗೇ ಬಂದಿದ್ದಾಳೆ. ಚಪ್ಪಲಿಯನ್ನೂ ಬಿಚ್ಚಲಿಲ್ಲ.

“ಭಾವ, ಸದನದಲ್ಲಿ ಆ ಸದಸ್ಯೆ ಇವರ ಹೆಸರು ಹೇಳಿದ್ರಂತಲ್ಲ. ಮಂತ್ರಿ ಕೇಳಿಸ್ಕೊಂಡ್ರಾ?”

ಮಂತ್ರಿ ಆಗ ಕನ್ನಡಕ ಒರೆಸಿಕೊಳ್ಳುತ್ತಿದ್ದರು.

“ಕೇಳಿಸ್ಕೊಂಡ್ರಮ್ಮ” ಅಂದೆ. ಅವಳ ಮುಖ ನೋಡಿ, ತಲೆ ಆಡಿಸಿದರು ಅಂತಲೂ ಸೇರಿಸಿದೆ. ಇಷ್ಟು ವರ್ಷ ಯಾರೂ ಆಡದ ಒಂದಕ್ಷರವನ್ನೂ ಬರೆದವನಲ್ಲ.

ಅವಳು ಅದನ್ನು ಒಳಗೆ ಅಮ್ಮನಿಗೆ ಹೇಳಿದಳು. ಅಮ್ಮ ಅಡುಗೆಮನೆಯಿಂದ ಕರೆಯುತ್ತಿದ್ದಾಳೆ. “ಬಾರೋ ಇಲ್ಲಿ! ತಲೆ ಆಡಿಸಿ ಏನಂದ್ರು ಹೇಳು, ಒಂದೂ ಬಿಡದೆ.”

ಏನಂದರು ಅಂದರೆ —