ಕನ್ನಡಿಯ ಹಿಂದಿನ ಗೆರೆ

ಅಪ್ಪ,

ನೀನು ತೀರಿಹೋಗಿ ವರ್ಷವಾದ ಮೇಲೆ, ಬಚ್ಚಲಮನೆಯ ಗೋಡೆಗೆ ನೀನು ಅಂಟಿಸಿದ್ದ ಆ ಅಗಲದ ಕನ್ನಡಿಯನ್ನು ಇವತ್ತು ತೆಗೆಸಿದೆ. ಗಾಬರಿಯಾಗಬೇಡ, ಒಡೆಯಲಿಲ್ಲ. ಚೂರು ಹಾರದಿರಲೆಂದು ಗಾಜಿನ ಕೆಲಸದವರು ಮೊದಲು ಅದರ ತುಂಬ ಟೇಪ್ ಹಚ್ಚಿದರು. ನನ್ನ ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿದಾಗ ಅಂಟು ಮೆತ್ತಗಾಯಿತು. ನಿನ್ನ ಅಳಿಯ ಕನ್ನಡಿಯನ್ನು ಒತ್ತಿ ಹಿಡಿದರು. ನಾನೂ ಗಾಜಿನವರೂ ಅದರ ಹಿಂದೆ ತೆಳು ತಂತಿ ತೂರಿಸಿ ಗರಗಸದಂತೆ ಎಳೆದೆವು.

“ಏನಕ್ಕಾ ಇದು, ಡಬ್ಬಿಗಟ್ಟಲೆ ಅಂಟು ಸುರಿದಿದಾರೆ! ಅದೂ ಇಷ್ಟು ಕೆಳಗೆ ಯಾಕೆ ಹಾಕಿದ್ರು?” ಎಂದರು ಗಾಜಿನವರು.

“ನಮ್ಮಪ್ಪನಿಗೆ ಅಳತೆ ಬರ್ತಿರಲಿಲ್ಲ,” ಎಂದೆ. ಮೂವತ್ತು ವರ್ಷದಿಂದ ಹೇಳಿ ಎಲ್ಲರನ್ನೂ ನಗಿಸಿದ ಮಾತು ಅದು. ನಿನ್ನೆದುರೇ ಹೇಳುತ್ತಿದ್ದೆ, ನೀನೂ ನಗುತ್ತಿದ್ದೆ.

ಕನ್ನಡಿ ಬಿಟ್ಟು ಬಂದಾಗ ಗೋಡೆಯ ಮೇಲೆ ಪೆನ್ಸಿಲಿನ ನೇರ ಗೆರೆಯಿತ್ತು. ಪಕ್ಕದಲ್ಲಿ ನಿನ್ನ ಅಕ್ಷರ: ‘ಪುಟ್ಟಿಯ ಕಣ್ಣು ಇಲ್ಲಿಗೆ.’

ಆಗ ನನಗೆ ಎಂಟು ವರ್ಷ. ಜಡೆ ಕಾಣುವುದಿಲ್ಲವೆಂದು ಹಟ ಹಿಡಿದಿದ್ದೆ. ನಾಲ್ಕೇ ವರ್ಷದಲ್ಲಿ ಆ ಗೆರೆ ದಾಟಿ ಬೆಳೆದೆ. ನೀನು ಮಾತ್ರ ಕೊನೆಯವರೆಗೂ ಮಂಡಿ ಬಗ್ಗಿಸಿಯೇ ಗಡ್ಡ ಹೆರೆದುಕೊಂಡೆ. ಒಮ್ಮೆಯಾದರೂ ಹೇಳಬಾರದಿತ್ತೇ? ಅಥವಾ ನಾನೇ ಕೇಳಬೇಕಿತ್ತೇ?

“ಅಳತೆ ಸರಿಯಾಗೇ ಇದೆಯಲ್ಲಕ್ಕಾ,” ಎಂದರು ಗಾಜಿನವರು. “ಈಗ ಎಷ್ಟೆತ್ತರಕ್ಕೆ ಹಾಕ್ಲಿ?”

ಉತ್ತರ ಹೇಳುವ ಮೊದಲು ನಿನ್ನಂತೆ ಮಂಡಿ ಬಗ್ಗಿಸಿ ನಿಂತು ನೋಡಿದೆ. ಒಂದೇ ನಿಮಿಷಕ್ಕೆ ತೊಡೆ ನಡುಗಿತು, ಅಪ್ಪ.

ಪುಟ್ಟಿ