ಹುತ್ತದಿಂದ ಎದ್ದ ಹಲಗೆ

ವಿನೋಬನಗರ, ದಾವಣಗೆರೆ
೧೪-೧೧-೧೯೮೩

ಹರಿಹರದ ಮಾವ ಮೌಲಾ ಸಾಬರಿಗೆ ಅಳಿಯ ಹಿದಾಯತನ ಸಲಾಂ.

ಗೆದ್ದಲು ತಿಂದ ನಮ್ಮ ಅಟ್ಟ ತೊಟ್ಟಿಲ ಪಕ್ಕದಲ್ಲೇ ಕುಸಿದ ದಿನ ನೀವು ನಸೀಮಾಳನ್ನೂ ಮಗುವನ್ನೂ ಕರೆದುಕೊಂಡು ಹೋದಿರಿ. ಮರದ ಹೊಟ್ಟು, ಸಿಮೆಂಟು ಕಲಸಿ ಮಾಡಿದ ಹಲಗೆಯಿಂದ ಹೊಸ ಅಟ್ಟ ಕಟ್ಟುತ್ತೇನೆ ಎಂದಿದ್ದಕ್ಕೆ, "ಹೊಟ್ಟು ಹಾಕಿದ್ರೆ ಗೆದ್ದಲಿಗೆ ದಾವತ್ ಕೊಟ್ಟಂಗೆ. ಹುತ್ತದ ಬುಡದಾಗೆ ಒಂದು ಮಳೆಗಾಲ ಹೂತಿಟ್ಟು ನೋಡಪ್ಪ, ಆಮೇಲೆ ಮಗಳನ್ನ ಕಳಿಸ್ತೀನಿ" ಅಂದಿರಿ.

ಲೋಕಿಕೆರೆಯ ಗೋಣೆಪ್ಪನವರ ಹೊಲದ ಹುತ್ತದ ಬಳಿ ಒಂದು ತುಂಡು ಹೂತೆ, ಜೊತೆಗೆ ಮಾವಿನ ಹಲಗೆಯದೂ ಒಂದು. ದಸರೆಗೆ ಅಗೆದೆವು. ಮಾವಿನದು ಕೈಯಲ್ಲೇ ಮಣ್ಣಾಯಿತು. ನಮ್ಮದು ಹಾಗೇ ಇತ್ತು. ಮೇಲೆ ಅರಿಶಿನ ಕುಂಕುಮವೂ ಇತ್ತು. ಮಳೆಗೆ ಮಣ್ಣು ಸರಿದು ತುದಿ ಕಂಡಾಗ ಗೋಣೆಪ್ಪನವರ ತಾಯಿ ಕರಿಯವ್ವ ಅದನ್ನು ನಾಗರಕಲ್ಲು ಅಂದುಕೊಂಡು ಪಂಚಮಿಯಿಂದಲೂ ಪೂಜೆ ಮಾಡುತ್ತಿದ್ದರಂತೆ. "ದೇವರು ಅಲ್ಲಂದ್ರೂ ಗಟ್ಟಿ ಐತೆ, ತಗೊಂಡು ಹೋಗಪ್ಪ" ಅಂದರು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಬಂದೆ.

ಅಟ್ಟ ನಿನ್ನೆ ಮುಗಿಯಿತು. ಈ ಹಲಗೆ ಕೊಯ್ದು ನನ್ನ ಗರಗಸ ಮೊಂಡಾಗಿದೆ. ಬರುವಾಗ ಹಲ್ಲು ಮಸೆಯುವ ನಿಮ್ಮ ಅರ ತನ್ನಿ. ನಸೀಮಾ, ಮಗು ಜೊತೆಗೇ ಬರಲಿ. ಮೊದಲು ನೀವು ಅಟ್ಟ ಹತ್ತಿ ಕೂತುಕೊಳ್ಳಿ. ಆಮೇಲೆ ಅದರ ಕೆಳಗೆ ತೊಟ್ಟಿಲು ಕಟ್ಟುತ್ತೇನೆ.

ನಿಮ್ಮ ದಾರಿ ನೋಡುತ್ತಿರುವ
ಹಿದಾಯತ್